ಕೆರೆಯಂಚಿನ ಹಗ್ಗಗಳು

ಹಲಸೂರು ಕೆರೆಯ ಸುತ್ತ ಬೆಳಿಗ್ಗೆ ಬೂಟು ಹಾಕಿಕೊಂಡು ನಡೆಯುವವರಿಗೆ ನಮ್ಮ ಬೀದಿ ಕಾಣಿಸುವುದಿಲ್ಲ. ಮುಂದುಗಡೆ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು ಎದ್ದು ನಿಂತಿದೆ. ಅದರ ಕಾಂಪೌಂಡಿಗೂ ಪಕ್ಕದ ಕಾರು ರಿಪೇರಿ ಶೆಡ್ಡಿಗೂ ನಡುವೆ ಒಂದು ಸಂದಿ. ಆಟೋದವರು ಕನ್ನಡಿ ಮಡಚಿಕೊಂಡು ಬೈಯುತ್ತಾ ನುಗ್ಗಬೇಕು. ಆ ಸಂದಿಯಲ್ಲಿ ಮೂರು ಮೆಟ್ಟಿಲಿನಷ್ಟು ಕೆಳಗಿಳಿದರೆ ನಾವಿದ್ದೇವೆ. ಮೂವತ್ತೆರಡು ಮನೆ, ಒಂದು ಮಾರಿಯಮ್ಮನ ಗುಡಿ, ಬಟ್ಟೆ ಒಗೆಯುವ ಸಿಮೆಂಟ್ ತೊಟ್ಟಿಗಳು, ಅದರಾಚೆ ಕೆರೆಯವರೆಗೂ ಚಾಚಿಕೊಂಡ ಒಂದು ಬಯಲು. ಬಯಲಿನ ತುಂಬ ಕಲ್ಲುಕಂಬ, ಕಂಬದಿಂದ ಕಂಬಕ್ಕೆ ಹಗ್ಗ, ಹಗ್ಗದ ಮೇಲೆ ಊರಿನವರ ಬಟ್ಟೆ.

ಅಗಸರ ಬೀದಿ. ಮಡಿವಾಳರು ಎಂದು ಮರ್ಯಾದೆಯಿಂದ ಹೇಳುವವರಿದ್ದಾರೆ, ಧೋಬಿ ಲೈನ್ ಅನ್ನುವವರೂ ಇದ್ದಾರೆ. ಏನಾದರೂ ಅನ್ನಲಿ, ನನಗೆ ಬೇಜಾರಿಲ್ಲ. ಏನೂ ಅನ್ನದೆ ಮುಖ ತಿರುಗಿಸುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಬಿ.ಎ. ಮುಗಿಸಿ ಇಂದಿರಾನಗರದ ಒಂದು ಆಫೀಸಿನಲ್ಲಿ ಎರಡು ವರ್ಷ ಫೋನ್ ಎತ್ತುವ ಕೆಲಸ ಮಾಡಿದೆ. ಮನೆ ಎಲ್ಲಿ ಎಂದು ಕೇಳಿದ ಪಕ್ಕದ ಸೀಟಿನವಳಿಗೆ ಕೆರೆ ಪಕ್ಕ ಎಂದೆ. "ವಾವ್, ಲೇಕ್ ವ್ಯೂ!" ಎಂದಳು. "ಹೂಂ ಕಣೇ, ಲೇಕ್ ವ್ಯೂನೇ. ನೀನು ಹಾಕ್ಕೊಂಡಿರೋ ಚೂಡಿದಾರ ಮೊನ್ನೆ ನಮ್ಮ ಹಗ್ಗದ ಮೇಲೆ ಕೂತ್ಕೊಂಡು ಕೆರೆ ನೋಡ್ಕೊಂಡು ಬಂತು" ಎಂದೆ. ಮಧ್ಯಾಹ್ನ ಅವಳು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ನಾನು ಕೆಲಸ ಬಿಟ್ಟದ್ದು ಅದಕ್ಕಲ್ಲ. ಅಮ್ಮನ ಮಂಡಿ ಕೈಕೊಟ್ಟು ಮೂಟೆ ಹೊರಲು ಜನ ಬೇಕಾಗಿತ್ತು. ಆದರೆ ಬಿಟ್ಟ ದಿನ ಖುಷಿಯಾದದ್ದು ಸುಳ್ಳಲ್ಲ.

ನಮ್ಮದು ಮನೆಯೊಳಗೆ ತಮಿಳು, ತೊಟ್ಟಿಯ ಹತ್ತಿರ ಕನ್ನಡ, ಶಿವಾಜಿನಗರದ ಬಟ್ಟೆ ವ್ಯಾಪಾರಿಗಳು ಬಂದರೆ ದಖನಿ ಉರ್ದು, ಗೆಸ್ಟ್‌ಹೌಸಿನ ಮ್ಯಾನೇಜರ್ ಬಂದರೆ ಕೈಗೆ ಸಿಕ್ಕಿದಷ್ಟು ಇಂಗ್ಲಿಷು. ಬೈಯುವಾಗ ಎಲ್ಲವನ್ನೂ ಸೇರಿಸಿಕೊಳ್ಳುತ್ತೇವೆ. ಮಹಡಿ ಮೇಲಿನ ಶೀಟಿನ ಕೋಣೆಗಳಲ್ಲಿ ಈಗ ಯಾದಗಿರಿ, ರಾಯಚೂರು ಕಡೆಯವರು ಬಾಡಿಗೆಗಿದ್ದಾರೆ. ಗಂಡಸರು ಬೈಯಪ್ಪನಹಳ್ಳಿ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಹೆಂಗಸರು ನಮ್ಮಲ್ಲೇ ಇಸ್ತ್ರಿಗೆ ನಿಲ್ಲುತ್ತಾರೆ. ನಮ್ಮ ಮನೆಯ ಮೇಲಿನ ಕೋಣೆಯಲ್ಲಿದ್ದವಳು ಯಾದಗಿರಿಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದಳು. ಬಂದ ವಾರದಲ್ಲೇ ಗಿರಾಕಿಯೊಬ್ಬರ ರೇಷ್ಮೆ ಸೀರೆ ಸುಟ್ಟು, ಊರು ಬಿಟ್ಟು ಹೋಗುತ್ತೇನೆಂದು ಅಳುತ್ತಾ ಕೂತವಳನ್ನು ಅಮ್ಮನೇ ಸಮಾಧಾನ ಮಾಡಿ ಉಳಿಸಿಕೊಂಡಿದ್ದಳು.

ಮಳೆಗಾಲದಲ್ಲಿ ಕೆರೆಯೇ ಮನೆ ನೋಡಲು ಬರುತ್ತದೆ. ರಸ್ತೆಯ ನೀರು ಒಂದು ಕಡೆಯಿಂದ, ಕೆರೆಯ ನೀರು ಇನ್ನೊಂದು ಕಡೆಯಿಂದ. ವರ್ಷಕ್ಕೊಂದು ಸಾಲು ಇಟ್ಟಿಗೆಯಂತೆ ಹೊಸ್ತಿಲು ಏರಿಸಿ ಏರಿಸಿ, ಈಗ ನಮ್ಮ ಮನೆಯೊಳಗೆ ಹೋಗಬೇಕಾದರೆ ಕಾಲು ಮಂಡಿಯ ತನಕ ಎತ್ತಬೇಕು, ತಲೆ ಎದೆಯ ತನಕ ಬಗ್ಗಿಸಬೇಕು. ಒಂದು ವರ್ಷ ಟಿವಿಯವರು ಮೈಕು ಹಿಡಿದು ಬಂದು, "ಇಂಥ ಜಾಗದಲ್ಲಿ ಹೇಗಮ್ಮಾ ಇರ್ತೀರಾ?" ಎಂದು ಕೇಳಿದರು. "ಪಾತ್ರೆ ಮೇಲಿಟ್ಕೊಂಡು ಇರ್ತೀವಿ" ಎಂದಳು ಅಮ್ಮ. "ನಿಮ್ಮ ಪ್ಯಾಂಟೆಲ್ಲ ಕೆಸರಾಯ್ತಲ್ಲಪ್ಪಾ, ಬಿಚ್ಚಿಕೊಡಿ, ಸಾಯಂಕಾಲಕ್ಕೆ ಇಸ್ತ್ರಿ ಮಾಡಿ ಕೊಡ್ತೀನಿ." ಅದನ್ನು ಅವರು ಟಿವಿಯಲ್ಲಿ ಹಾಕಲಿಲ್ಲ. ಕರುಣೆ ತೋರಿಸಲು ಬಂದವರಿಗೆ ಅಮ್ಮ ಯಾವತ್ತೂ ಸಲೀಸಾಗಿ ಸಿಕ್ಕುತ್ತಿರಲಿಲ್ಲ.

ಹಗ್ಗದ ವಿಷಯ ಹೇಳಬೇಕು. ನಮ್ಮ ಹಗ್ಗಕ್ಕೆ ಕ್ಲಿಪ್ಪು ಬೇಡ. ಎರಡು ಎಳೆಯನ್ನು ಜೋಡಿಸಿ, ಈ ತುದಿಗೊಬ್ಬರು ಆ ತುದಿಗೊಬ್ಬರು ನಿಂತು ಹುರಿ ಹಾಕಿ, ಬಿಗಿಯಾಗಿ ಎಳೆದು ಕಂಬಕ್ಕೆ ಕಟ್ಟುತ್ತೇವೆ. ಬಟ್ಟೆಯ ಮೂಲೆಯನ್ನು ಎಳೆಗಳ ನಡುವೆ ಸಿಕ್ಕಿಸಿದರೆ ಎಂಥ ಗಾಳಿ ಬೀಸಿದರೂ ಜಗ್ಗುವುದಿಲ್ಲ. ಒಬ್ಬರೇ ಹುರಿ ಹಾಕಲು ಆಗುವುದಿಲ್ಲ, ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕೇ ಬೇಕು.

ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ಹಗ್ಗ ಇಳಿಸುತ್ತೇವೆ. ಸತ್ತವರ ಮನೆಯ ಹಗ್ಗವಷ್ಟೇ ಇಳಿಸಿದರೆ ಸಾಲದು, ಮೂವತ್ತೆರಡು ಮನೆಯದೂ ಇಳಿಯಬೇಕು. ಹುರಿ ಬಿಚ್ಚಿ, ಸುರುಳಿ ಸುತ್ತಿ, ಕಂಬದ ಬುಡದಲ್ಲಿಡುತ್ತೇವೆ. ಮೂರು ದಿನ ಬಯಲು ಬರಿದಾಗಿರಬೇಕು. ಸತ್ತವರ ಮನೆಯವರಂತೂ ಹನ್ನೊಂದು ದಿನ ಹಗ್ಗ ಮುಟ್ಟುವಂತಿಲ್ಲ. ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ. ಗಿರಾಕಿಗಳು ಫೋನಿನಲ್ಲಿ ಕೂಗಾಡಲಿ, ನಾಳೆ ಮದುವೆ ಇರುವವರ ಸೀರೆಯೇ ಒದ್ದೆ ಇರಲಿ, ಇದು ತಪ್ಪಿದ್ದನ್ನು ನಾನು ನೋಡಿರಲಿಲ್ಲ. ಹೊರಗೆ ಯಾರೂ ನಮಗೆ ಎದ್ದು ನಿಂತು ಮರ್ಯಾದೆ ಕೊಟ್ಟದ್ದಿಲ್ಲ. ನಮ್ಮವರು ಸತ್ತಾಗ ನಾವೇ ಕೊಟ್ಟುಕೊಳ್ಳುವ ಮರ್ಯಾದೆ ಅದು.

ಆ ಬಯಲಿನ ಮೇಲೆ ಅಪಾರ್ಟ್‌ಮೆಂಟಿನವರ ಕಣ್ಣು ಬಿತ್ತು. ಹತ್ತನೇ ಅಂತಸ್ತಿನಿಂದ ಕೆರೆ ನೋಡಲು ನಿಂತರೆ ನಡುವೆ ನಮ್ಮ ಗಿರಾಕಿಗಳ ಲಂಗ, ಲುಂಗಿ ಕಾಣುತ್ತವಂತೆ. ಫ್ಲಾಟಿನ ಬೆಲೆ ಇಳಿಯುತ್ತದಂತೆ. ಅವರ ಸಂಘದ ಸೆಕ್ರೆಟರಿ ಒಂದು ಅರ್ಜಿ ಬರೆದ. ಕೆರೆಯ ಪಕ್ಕದ ಜಾಗ ಯಾರ ಉಪಯೋಗಕ್ಕೂ ಇಲ್ಲದೆ ಖಾಲಿ ಬಿದ್ದಿದೆ, ಬೇಲಿ ಹಾಕಿ ಉದ್ಯಾನ ಮಾಡಿಕೊಡಿ ಎಂದು. ಥೂ, ಖಾಲಿಯಂತೆ! ದಿನಾ ಅದೇ ಹಗ್ಗದಿಂದ ಇಳಿಸಿದ ಅಂಗಿ ತೊಟ್ಟುಕೊಂಡು ಓಡಾಡುವ ಮನುಷ್ಯ ಬರೆದ ಮಾತು ಅದು. ಅರ್ಜಿಗೆ ಬೆಲೆ ಬಂತು. ಗುರುವಾರ ಹನ್ನೊಂದು ಗಂಟೆಗೆ ಸರ್ವೆಯವರು ಬಂದು ಜಾಗ ಬಳಕೆಯಲ್ಲಿದೆಯೋ ಇಲ್ಲವೋ ನೋಡಿ ಬರೆಯುತ್ತಾರೆ ಎಂದು ಗುಡಿಯ ಗೋಡೆಗೆ ಕಾಗದ ಅಂಟಿಸಿ ಹೋದರು. ಬಯಲಿಗೆ ನಮ್ಮ ಹತ್ತಿರ ಪತ್ರವಿರಲಿಲ್ಲ. ಬಳಸುತ್ತಿದ್ದೇವೆ ಅನ್ನುವುದೊಂದೇ ನಮಗಿದ್ದ ಆಧಾರ. ಅದು ಹೋದರೆ ತೊಟ್ಟಿಗಳಿದ್ದೂ ದಂಡ. ಒಗೆಯಲು ಮಿಷನ್ ತರಬಹುದು, ಒಣಗಿಸಲು ಬಿಸಿಲನ್ನು ಎಲ್ಲಿಂದ ತರುವುದು?

ಗುಡಿಯ ಮುಂದೆ ಎಲ್ಲರೂ ಸೇರಿದೆವು. ಗಂಡಸರು ವಕೀಲರು, ಕಾರ್ಪೊರೇಟರು ಎಂದು ಏನೇನೋ ಮಾತಾಡಿದರು. ಅಮ್ಮ ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡಳು.

"ಗುರುವಾರ ಒಂದು ಇಂಚು ಹಗ್ಗನೂ ಖಾಲಿ ಇರಕೂಡ್ದು, ಗೊತ್ತಾಯ್ತಾ? ಗಿರಾಕಿ ಬಟ್ಟೆ ಸಾಲ್ದಿದ್ರೆ ನಿಮ್ಮ ಚಡ್ಡಿ, ಬನಿಯನ್ನು ತಂದು ಹಾಕಿ. ಆ ಸೆಕ್ರೆಟರಿಗೆ ಕಣ್ಣು ಕುಕ್ಕಬೇಕು!"

ಎಲ್ಲರೂ ನಕ್ಕರು. ಎಂದೋ ತೀರಿಕೊಂಡ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಬೀದಿಗೆಲ್ಲ ಹಿರಿಯರು. ಅವರೂ ನಕ್ಕು, "ಅಯ್ಯೋ, ಈಯಮ್ಮನ ಬಾಯಿಗೆ ಬೀಗ ಹಾಕೋರು ಇನ್ನೂ ಹುಟ್ಟಿಲ್ಲ" ಎಂದರು. ಹಾಗೆಯೇ ಮಾಡುವುದೆಂದು ತೀರ್ಮಾನವಾಯಿತು.

ಬುಧವಾರ ಬೆಳಿಗ್ಗೆ ಅಮ್ಮ ಯಾವತ್ತಿನಂತೆ ಬೆಳಕು ಹರಿಯುವ ಮುಂಚೆ ಎದ್ದು ಉಬ್ಬೆಗೆ ಬೆಂಕಿ ಹಾಕಿದಳು. ದೊಡ್ಡ ಹಂಡೆಯಲ್ಲಿ ಸೋಡಾ ಬೆರೆಸಿದ ನೀರು ಕುದಿಸಿ ಬಿಳಿ ಬಟ್ಟೆ ಬೇಯಿಸುವುದು ನಮ್ಮಲ್ಲಿ ಇನ್ನೂ ಉಳಿದಿದೆ. ಗೆಸ್ಟ್‌ಹೌಸಿನ ಹದಿನೆಂಟು ಬೆಡ್‌ಶೀಟುಗಳು. ಮಂಡಿ ನೋವಿದೆ, ನಾನು ಒಗೆಯುತ್ತೇನೆಂದರೆ ಬಿಡಲಿಲ್ಲ. "ನೀನು ಒಗೆದ್ರೆ ಬಿಳಿ ಬೂದಿ ಆಗುತ್ತೆ, ಹೋಗೇ" ಎಂದಳು. ಎಂಟು ಗಂಟೆಯ ಹೊತ್ತಿಗೆ ಕೊನೆಯ ಶೀಟನ್ನು ಇಬ್ಬರೂ ಸೇರಿ ಹಿಂಡಿ ಹಗ್ಗಕ್ಕೆ ಸಿಕ್ಕಿಸಿದೆವು. ಅಮ್ಮ ತೊಟ್ಟಿಯ ಕಟ್ಟೆಯ ಮೇಲೆ ಕೂತಳು. "ಒಂಚೂರು ನೀರು ಕೊಡು" ಎಂದಳು. ನಾನು ಲೋಟ ತರುವಷ್ಟರಲ್ಲಿ ತಲೆ ಕಂಬಕ್ಕೆ ಒರಗಿತ್ತು. ಮೂಲೆಯ ಕ್ಲಿನಿಕ್ಕಿನ ಡಾಕ್ಟರು ಓಡಿ ಬಂದರು, ನಾಡಿ ಹಿಡಿದರು, ತಲೆಯಾಡಿಸಿದರು.

ಅಮ್ಮನನ್ನು ಚಾಪೆಯ ಮೇಲೆ ಮಲಗಿಸುವ ಹೊತ್ತಿಗೆ ಹೊರಗೆ ಸದ್ದು ಶುರುವಾಗಿತ್ತು. ಎಳೆದು ಕಟ್ಟಿದ ಹಗ್ಗ ಸಡಿಲಾಗಿ ನೆಲಕ್ಕೆ ಬೀಳುವ ಸದ್ದು. ಯಾರೂ ಯಾರಿಗೂ ಹೇಳಿರಲಿಲ್ಲ. ದೊಡ್ಡಪ್ಪ ಮೊದಲು ನಮ್ಮ ಹಗ್ಗ ಬಿಚ್ಚಿ, ಹದಿನೆಂಟು ಶೀಟುಗಳನ್ನು ಹಸಿಯಾಗಿಯೇ ಮೂಟೆ ಕಟ್ಟಿ ನಮ್ಮ ಬಾಗಿಲ ಪಕ್ಕ ತಂದಿಟ್ಟರು. ಆಮೇಲೆ ಒಂದೊಂದೇ ಮನೆಯದು. ಅಲ್ಲಿಯ ತನಕ ಕಲ್ಲಿನ ಹಾಗೆ ಕೂತಿದ್ದ ನಾನು ಆ ಸದ್ದು ಕೇಳಿ ಗೋಳೋ ಎಂದು ಅತ್ತೆ. ಮಧ್ಯಾಹ್ನಕ್ಕೆ ಬಯಲಿನಲ್ಲಿ ಕಂಬಗಳು ಬಿಟ್ಟರೆ ಏನೂ ಇರಲಿಲ್ಲ. ಸಾಯಂಕಾಲ ಮಣ್ಣು ಮಾಡಿ ಬಂದೆವು. ಮಾರನೆಯ ದಿನ ಗುರುವಾರ ಎನ್ನುವುದು ಅಷ್ಟು ಜನರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ.

ಬೆಳಿಗ್ಗೆ ನಾನು ದೀಪದ ಮುಂದೆ ಕೂತಿದ್ದೆ. ಯಾದಗಿರಿಯವಳು ಏದುಸಿರು ಬಿಡುತ್ತಾ ಒಳಗೆ ಬಂದಳು.

"ಅಕ್ಕಾ, ಏಳ್ರಿ. ಬಯಲಾಗ ಟೇಪ್ ಹಿಡ್ಕೊಂಡು ಬಂದಾರ‍್ರಿ."

ಹೊಸ್ತಿಲಲ್ಲಿ ನಿಂತು ನೋಡಿದೆ. ಸರ್ವೆಯವರು, ಅವರ ಜೊತೆಗೊಬ್ಬ ಸಹಾಯಕ, ಇವರಿಬ್ಬರ ಮುಂದೆ ಮದುಮಗನ ಹಾಗೆ ಸೆಕ್ರೆಟರಿ. ಫೋನು ಎತ್ತಿ ಬರಿಯ ಕಂಬಗಳ ಫೋಟೋ ತೆಗೆಯುತ್ತಿದ್ದ.

"ನಾನು ಹೇಳಿರ್ಲಿಲ್ವಾ ಸರ್? ಟೋಟಲಿ ವೇಕೆಂಟ್. ಬರೀ ಕಂಬ. ಯಾರೂ ಯೂಸ್ ಮಾಡ್ತಿಲ್ಲ."

ನಮ್ಮ ಗಂಡಸರೆಲ್ಲ ತೊಟ್ಟಿಯ ಹತ್ತಿರ ಕೈಕಟ್ಟಿ ನಿಂತಿದ್ದರು. ಒಬ್ಬೊಬ್ಬರ ಮುಖದಲ್ಲೂ ಆಗಷ್ಟೇ ತಪ್ಪು ಹೊಳೆದ ಕಳೆ. ದೊಡ್ಡಪ್ಪ ಮುಂದೆ ಹೋಗಿ, "ಸಾವಾಗಿದೆ ಸ್ವಾಮಿ. ಮೂರು ದಿನ ಬಿಟ್ಟು ಬನ್ನಿ, ಹಗ್ಗ ತುಂಬಿರುತ್ತೆ" ಎಂದರು.

ಸರ್ವೆಯವರು ಕೆಟ್ಟವರೇನಲ್ಲ. "ಯಜಮಾನ್ರೇ, ಇವತ್ತು ಕಣ್ಣಿಗೆ ಕಂಡದ್ದನ್ನ ಇವತ್ತೇ ಬರೀಬೇಕು. ನಾಳೆ ಈ ಫೈಲು ನನ್ನ ಕೈಲಿರಲ್ಲ" ಎಂದರು.

"ಇವ್ರದ್ದು ಯಾವಾಗ್ಲೂ ಒಂದು ಕಥೆ ಇರುತ್ತೆ ಸರ್" ಎಂದ ಸೆಕ್ರೆಟರಿ.

ಕಥೆ! ನಮ್ಮಮ್ಮ ಸತ್ತದ್ದು ಇವನಿಗೆ ಕಥೆ. ಅಂಗಾಲಿನಿಂದ ನೆತ್ತಿಯವರೆಗೂ ಬೆಂಕಿ ಹತ್ತಿತು. ಬಾಗಿಲ ಪಕ್ಕದಲ್ಲಿದ್ದ ಮೂಟೆ ಎತ್ತಿ ತಲೆಯ ಮೇಲಿಟ್ಟುಕೊಂಡೆ. ಹಸಿ ಶೀಟುಗಳ ನೀರು ಕುತ್ತಿಗೆಯ ಮೇಲೆ ಇಳಿಯಿತು. ರಾತ್ರಿಯೆಲ್ಲ ಕಟ್ಟಿಟ್ಟಿದ್ದಕ್ಕೆ ಆಗಲೇ ಮುಗ್ಗಲು ವಾಸನೆ ಶುರುವಾಗಿತ್ತು. ನೆಟ್ಟಗೆ ನಮ್ಮ ಕಂಬದ ಹತ್ತಿರ ನಡೆದೆ.

ದೊಡ್ಡಪ್ಪ ಅಡ್ಡ ಬಂದರು. "ಏನಮ್ಮಾ ಮಾಡ್ತಿದ್ದೀಯಾ? ಸೂತಕದವಳು ಹಗ್ಗ ಮುಟ್ಬಾರ್ದು."

"ಬಿಡಿ ದೊಡ್ಡಪ್ಪ."

"ನಿಮ್ಮಮ್ಮಂಗೆ ಮಾಡೋ ಅವಮಾನ ಕಣಮ್ಮಾ ಇದು! ಮುಟ್ಟಿದ್ರೆ ಹನ್ನೊಂದನೇ ದಿನ ನಿಮ್ಮನೇಲಿ ಯಾರೂ ಎಲೆ ಮುಂದೆ ಕೂರಲ್ಲ. ನಾನೇ ಕೂರಲ್ಲ."

"ಕೂರಬೇಡಿ" ಎಂದೆ. ಆಮೇಲೆ ದನಿ ಏರಿಸಿದೆ. "ಅಮ್ಮ ಬೆಳಿಗ್ಗೆ ಮೂರು ಗಂಟೆಗೆ ಎದ್ದು ಒಗೆದಿದ್ದು ಇದು. ಬದುಕಿರೋ ತನಕ ಒಂದು ದಿನನಾದ್ರೂ ಹಸಿ ಬಟ್ಟೆ ಮೂಟೆ ಕಟ್ಟಿಟ್ಟಿದ್ಲಾ, ನೀವೇ ಹೇಳಿ? ಅವಳ ಕೊನೇ ಕೆಲಸ ಕೊಳೀತಾ ಬಿದ್ದಿರೋದು ಅವಮಾನ ಅಲ್ವಾ? ಜಾಗನೂ ಹೋಗ್ಲಿ, ಬಟ್ಟೆನೂ ಹೋಗ್ಲಿ ಅಂತ ಕೈಕಟ್ಕೊಂಡು ನಿಲ್ಲೋದು ಮರ್ಯಾದೆನಾ?"

ದೊಡ್ಡಪ್ಪ ಪಕ್ಕಕ್ಕೆ ಸರಿಯಲಿಲ್ಲ. ಅವರನ್ನು ಬಳಸಿಕೊಂಡು ಹೋದೆ. ಕಂಬದ ಬುಡದಿಂದ ಹಗ್ಗದ ಸುರುಳಿ ಬಿಚ್ಚಿ, ಒಂದು ತುದಿ ಹಿಡಿದು ನಿಂತೆ. ಇನ್ನೊಂದು ತುದಿ ಅಷ್ಟು ದೂರದಲ್ಲಿ ಮಣ್ಣಿನ ಮೇಲೆ ಬಿದ್ದಿತ್ತು. ಬೀದಿಯವರನ್ನೆಲ್ಲ ನೋಡಿದೆ. ನನ್ನನ್ನು ಎತ್ತಿ ಆಡಿಸಿದವರು, ನನ್ನ ಜೊತೆ ಕುಂಟಾಬಿಲ್ಲೆ ಆಡಿದವರು. ಎಲ್ಲರೂ ನೆಲ ನೋಡುತ್ತಿದ್ದರು. ಆ ಕ್ಷಣದಷ್ಟು ಒಂಟಿತನ ನನಗೆ ಅಮ್ಮನ ಮೇಲೆ ಮಣ್ಣು ಹಾಕುವಾಗಲೂ ಆಗಿರಲಿಲ್ಲ.

"ಡ್ರಾಮಾ ಶುರುವಾಯ್ತು ಸರ್" ಎಂದ ಸೆಕ್ರೆಟರಿ.

"ಏ, ಬಾಯಿ ಮುಚ್ಕೊಂಡು ನಿಂದರಪ್ಪಾ" ಎಂದು ಹಿಂದಿನಿಂದ ಒಂದು ದನಿ ಬಂತು. ಯಾದಗಿರಿಯವಳು ಸೀರೆ ಎತ್ತಿ ಕಟ್ಟಿಕೊಂಡು ದಾಪುಗಾಲು ಹಾಕುತ್ತಾ ಹೋಗಿ ಆ ತುದಿ ಎತ್ತಿಕೊಂಡಳು. ದೊಡ್ಡಪ್ಪನ ಕಡೆ ತಿರುಗಿ, "ನಾ ಏನ್ ನಿಮ್ಮ ಕುಲದಾಕಿ ಅಲ್ರಿ ಯಜಮಾನ್ರ, ನನಗ್ಯಾಕ ನಿಮ್ಮ ಕಟ್ಟಳಿ? ಸೀರಿ ಸುಟ್ಟಾಗ ಆ ಯವ್ವ ನನ್ನ ಹೊರಗ ಹಾಕಲಿಲ್ಲ" ಎಂದಳು.

ಇಸ್ತ್ರಿ ಬಿಟ್ಟರೆ ಅವಳಿಗೆ ಹಗ್ಗದ ಕೆಲಸ ಗೊತ್ತಿರಲಿಲ್ಲ. ನಾನು ಹುರಿ ಹಾಕಿದಷ್ಟನ್ನೂ ಅವಳು ಆ ಕಡೆಯಿಂದ ಬಿಚ್ಚುತ್ತಿದ್ದಳು. "ಆ ಕಡೆ ಅಲ್ವೇ ಮಾರಾಯ್ತಿ, ಈ ಕಡೆ ತಿರುಗ್ಸು!" ಎಂದು ಕೂಗಿದೆ. "ಯಾವ ಕಡೀ? ನನ್ನ ಬಲಕ್ಕೋ ನಿಮ್ಮ ಬಲಕ್ಕೋ?" ಎಂದಳು. ಅಳುತ್ತಿದ್ದ ನನಗೆ ನಗು ಬಂದುಬಿಟ್ಟಿತು. ಮೂರನೆಯ ಸಲಕ್ಕೆ ಹುರಿ ಕೂತಿತು. ಎಳೆದು ಕಟ್ಟಿದೆವು. ಒಂದೊಂದೇ ಶೀಟು ಜಾಡಿಸಿ ಸಿಕ್ಕಿಸುತ್ತಾ ಹೋದೆ. ಹದಿನೆಂಟೂ ಮುಗಿಯುವ ತನಕ ಯಾರ ಮುಖವನ್ನೂ ನೋಡಲಿಲ್ಲ.

ಸರ್ವೆಯವರು ಹತ್ತಿರ ಬಂದರು. "ಇದು ಯಾರ ಬಟ್ಟೆ?"

"ಗಿರಾಕೀದು. ಒಗೆದಿದ್ದು ನಮ್ಮಮ್ಮ. ಒಗೆದು ಈ ಹಗ್ಗಕ್ಕೇ ಹಾಕಿ, ಆ ಕಟ್ಟೆ ಮೇಲೆ ಕೂತು ನಿನ್ನೆ ಸತ್ತಳು. ಬಟ್ಟೆ ಇನ್ನೂ ಹಸಿ ಇದೆ. ಮುಟ್ಟಿ ನೋಡಿ ಸರ್."

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಒಂದು ಶೀಟಿನ ಅಂಚನ್ನು ಬೆರಳಿನ ನಡುವೆ ಹಿಡಿದು ನೋಡಿದರು. ಸೆಕ್ರೆಟರಿ, "ಒಂದು ಹಗ್ಗ ಸರ್, ಜಸ್ಟ್ ಒಂದೇ ಹಗ್ಗ" ಎನ್ನುತ್ತಲೇ ಇದ್ದ. ಸರ್ವೆಯವರು ಸಾಲಿನುದ್ದಕ್ಕೂ ನಡೆದು, ಕಂಬಗಳ ಬುಡದಲ್ಲಿ ಸುತ್ತಿಟ್ಟಿದ್ದ ಸುರುಳಿಗಳನ್ನು ಎಣಿಸಿಕೊಂಡು ಬಂದರು. ನಿಂತುಕೊಂಡೇ ಬರೆದರು.

"ಏನು ಬರೆದ್ರಿ, ತೋರಿಸಿ ಸರ್. ನಂಗೂ ಓದೋಕೆ ಬರುತ್ತೆ" ಎಂದೆ.

ತೋರಿಸಿದರು. ಜಾಗವು ಬಟ್ಟೆ ಒಣಗಿಸಲು ಬಳಕೆಯಲ್ಲಿದೆ, ಸಾವಿನ ಕಾರಣ ಹಗ್ಗಗಳನ್ನು ಇಳಿಸಿದ್ದಾರೆ ಎಂದಿತ್ತು. ಎರಡು ಸಲ ಓದಿ ವಾಪಸು ಕೊಟ್ಟೆ. ಸೆಕ್ರೆಟರಿ ಮೂಗು ಮುರಿಯುತ್ತಾ, ಇನ್ನೂ ಮೇಲಿನವರಿದ್ದಾರೆ, ಅಲ್ಲಿ ನೋಡಿಕೊಳ್ಳುತ್ತೇನೆ ಎಂದು ಹೋದ. ಅರ್ಜಿ ಇವತ್ತಿಗೂ ಯಾವುದೋ ಮೇಜಿನ ಮೇಲಿದೆ. ಬೇಲಿ ಮಾತ್ರ ಬಂದಿಲ್ಲ.

ಬೀದಿಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಮಾತೇ ಆಡಲಿಲ್ಲ. ಮೂರು ದಿನ ಕಳೆದ ಮೇಲೆ ಅವರವರ ಹಗ್ಗ ಅವರವರು ಕಟ್ಟಿಕೊಂಡರು. ನಾನು ನೀರಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ತುಂಬಾ ನೋವಾಯಿತು. ಅಮ್ಮನಿಲ್ಲದ ಮನೆಯಲ್ಲಿ ಆ ಮೌನ ಕೇಳಿಕೊಂಡಿರುವುದು ಸುಲಭವಾಗಿರಲಿಲ್ಲ. ಆದರೆ ತಪ್ಪಾಯಿತು ಎಂದು ಒಬ್ಬರ ಬಾಗಿಲಿಗೂ ಹೋಗಲಿಲ್ಲ. ನನ್ನದೂ ಅಮ್ಮನದೇ ರಕ್ತ.

ಹನ್ನೊಂದನೇ ದಿನ ಹಟಕ್ಕೆ ಬಿದ್ದು ಮೂವತ್ತೆರಡು ಮನೆಗೂ ಸಾಕಾಗುವಷ್ಟು ಅಡುಗೆ ಮಾಡಿಸಿದೆ. ಗುಡಿಯ ಪಕ್ಕ ಶಾಮಿಯಾನ ಹಾಕಿಸಿ ಎಲೆ ಹಾಸಿದೆ. ಹನ್ನೆರಡೂವರೆಗೆ ಮಹಡಿ ಮೇಲಿನ ಕೋಣೆಗಳವರು ಬಂದು ಊಟ ಮಾಡಿ, ಪಾತ್ರೆ ತೊಳೆಯಲು ನಿಂತರು. ಒಂದೂವರೆ ಆಯಿತು. ಎಲೆಗಳು ಬಿಸಿಲಿಗೆ ಬಾಡತೊಡಗಿದವು. ನಮ್ಮವರ ಬಾಗಿಲುಗಳೆಲ್ಲ ತೆರೆದೇ ಇದ್ದವು, ಯಾರೂ ಹೊರಗೆ ಬರಲಿಲ್ಲ. ಸಾರಿನ ಹಂಡೆಯ ಮುಂದೆ ನಿಂತು ನನಗೆ ಕೋಪವೂ ಅಳುವೂ ಒಟ್ಟಿಗೇ ಬಂದವು. ಯಾದಗಿರಿಯವಳು, "ಉಳಿದದ್ದು ಬೈಯಪ್ಪನಹಳ್ಳ್ಯಾಗ ನಮ್ಮವರ ಸೈಟಿಗಿ ಕಳಸೂಣ್ರಿ ಅಕ್ಕಾ, ಹಸಿದವರು ಭಾಳ ಮಂದಿ ಇದ್ದಾರ" ಎಂದಳು. ಹೂಂ ಎಂದು ಮುಚ್ಚಳ ಹುಡುಕತೊಡಗಿದೆ.

ಆಗ ದೊಡ್ಡಪ್ಪ ಬಂದರು. ಕೋಲೂರಿಕೊಂಡು ನಿಧಾನವಾಗಿ ಬಂದು ಶಾಮಿಯಾನದ ಅಂಚಿನಲ್ಲಿ ನಿಂತರು. ಅವರನ್ನು ನೋಡಿ ಒಬ್ಬೊಬ್ಬರೇ ಬಾಗಿಲಿಗೆ ಬಂದರು.

"ನೀನು ಮಾಡಿದ್ದು ತಪ್ಪು" ಎಂದರು, ಬೀದಿಗೆಲ್ಲ ಕೇಳುವ ಹಾಗೆ. "ಇವತ್ತೂ ತಪ್ಪು ಅಂತಾನೇ ಹೇಳ್ತೀನಿ."

"ಹೇಳಿ ದೊಡ್ಡಪ್ಪ. ನಾನು ಇನ್ನೊಂದು ಸಲ ಆದ್ರೂ ಅದನ್ನೇ ಮಾಡ್ತೀನಿ."

ಅವರು ನನ್ನನ್ನೇ ನೋಡಿದರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಬಾಗಿಲುಗಳ ಕಡೆಗೆ ತಿರುಗಿ ಕೋಲೆತ್ತಿದರು.

"ಎಲ್ರೂ ಕೇಳಿಸ್ಕೊಳ್ಳಿ. ಮುಂದಿನ ಸರದಿ ನಂದು. ನಾನು ಹೋದ ದಿನ ಒಂದು ಹಗ್ಗನೂ ಇಳಿಸ್ಬೇಡಿ. ಆ ಅಪಾರ್ಟ್‌ಮೆಂಟಿನೋರು ಕಿಟಕೀಲಿ ಕಾಯ್ಕೊಂಡು ಕೂತಿರ್ತಾರೆ. ನನ್ನ ಪಂಚೆ ಒಗೆದು ಮೊದಲನೇ ಕಂಬಕ್ಕೇ ಹಾಕಿ."

ದೊಡ್ಡಪ್ಪ ಕೋಲನ್ನು ಪಕ್ಕಕ್ಕಿಟ್ಟು, ಬಾಡಿದ ಎಲೆಯ ಮುಂದೆ ಕಷ್ಟಪಟ್ಟು ಕಾಲು ಮಡಚಿ ಕೂತು, "ಬಡಿಸು" ಎಂದರು.